ಗೆರೆ ಪಕ್ಕದಿಂದ: ಐ-ಲೀಗ್ ಹೊಸ್ತಿಲಲ್ಲಿ ನಿಮ್ಮ ಪ್ರಶ್ನೆಗಳು

ಈ ಅಂಕಣ 2024ರ ನವೆಂಬರ್‌ನದು. ಐ-ಲೀಗ್ ಫುಟ್‌ಬಾಲ್‌ನ 2024-25ರ ಸೀಸನ್ ಇದೇ ತಿಂಗಳ 22ಕ್ಕೆ ಶುರುವಾಗುತ್ತದೆ. ಏಳು ವರ್ಷಗಳ ನಂತರ ಈ ಲೀಗ್‌ಗೆ ಬೆಂಗಳೂರಿನ ತಂಡವೊಂದು, ಎಸ್‌ಸಿ ಬೆಂಗಳೂರು, ಬಂದಿದೆ. ಅದಕ್ಕೇ ಇರಬೇಕು, ಈ ಸಲ ಪತ್ರಗಳು ಜಾಸ್ತಿ. ಹೊಸ ಓದುಗರಿಗೆ ಒಂದು ಮಾತು: ನಾನು ಆಟಗಾರನಾಗಿ ಹೆಸರು ಮಾಡಿದವನಲ್ಲ. ಬೆಂಗಳೂರು ಲೀಗ್‌ನಲ್ಲಿ ಬಾವುಟ ಹಿಡಿದು ಗೆರೆ ಪಕ್ಕ ಓಡಿದವನು, ಅಂದರೆ ಲೈನ್ಸ್‌ಮನ್. ಮಂಡಿ ಕೈಕೊಟ್ಟ ಮೇಲೆ ಪೆನ್ನು ಹಿಡಿದೆ. ಈಗಲೂ ಬೈಗುಳ ಬರುತ್ತವೆ, ಆದರೆ ಅಂಚೆಯಲ್ಲಿ.

ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಇರುವಾಗ ಐ-ಲೀಗ್ ಯಾಕೆ ನೋಡಬೇಕು? ಎರಡನೇ ದರ್ಜೆಯ ಆಟ ತಾನೇ?
— ಹಾಸನದ ಉಪನ್ಯಾಸಕರೊಬ್ಬರು

ಎರಡನೇ ದರ್ಜೆಯ ಲೀಗ್ ಹೌದು ಸರ್. ಆದರೆ ಅದು ಹಾಗಾಗಿ ಎರಡೇ ವರ್ಷ ಆಯಿತು. 2007ರಲ್ಲಿ ಶುರುವಾದಾಗ ದೇಶದ ಮೊದಲ ಲೀಗ್ ಇದೇ. ಗೋವಾದ ಡೆಂಪೊ, ಚರ್ಚಿಲ್, ಸಾಲ್ಗಾಂವ್ಕರ್, ಕೋಲ್ಕತ್ತಾದ ಮೋಹನ್ ಬಾಗಾನ್, ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ), ಎಲ್ಲರೂ ಭಾರತದ ಚಾಂಪಿಯನ್ ಅನ್ನಿಸಿಕೊಂಡಿದ್ದು ಇಲ್ಲಿ ಗೆದ್ದೇ. 2022-23ರಿಂದ ಐಎಸ್‌ಎಲ್ ಮೇಲೆ, ಇದು ಕೆಳಗೆ.

ನಾನು ಇದನ್ನು ನೋಡುವುದಕ್ಕೆ ಕಾರಣ ಒಂದೇ. ಇಲ್ಲಿ ಸೋತರೆ ನಿಜವಾಗಿ ಏನೋ ಕಳೆದುಹೋಗುತ್ತದೆ. ಐಎಸ್‌ಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡ ಮುಂದಿನ ವರ್ಷ ಹೊಸ ಜೆರ್ಸಿ ಹಾಕಿಕೊಂಡು ಅಲ್ಲೇ ಆಡುತ್ತದೆ. ಇಲ್ಲಿ ಕೊನೆಯ ಎರಡು ತಂಡ ಐ-ಲೀಗ್ 2ಕ್ಕೆ ಇಳಿಯಲೇಬೇಕು. ಗೆದ್ದವರು ಮೇಲಕ್ಕೆ. ಹಾಗಾಗಿ ಮಾರ್ಚ್ ತಿಂಗಳಲ್ಲಿ ಹತ್ತನೇ ಸ್ಥಾನದ ತಂಡಕ್ಕೂ ಹನ್ನೊಂದನೇ ಸ್ಥಾನದ ತಂಡಕ್ಕೂ ಪಂದ್ಯ ಬಿದ್ದರೆ ನಾನು ಮದುವೆ ಊಟ ಬಿಟ್ಟಾದರೂ ನೋಡುತ್ತೇನೆ. ಅಂಥ ಪಂದ್ಯದಲ್ಲಿ ಒಂದು ಥ್ರೋ-ಇನ್‌ಗೂ ಹೊಡೆದಾಟ. ಬಾವುಟ ಹಿಡಿದವನಿಗೆ ಇದು ಚೆನ್ನಾಗಿ ಗೊತ್ತು. ಸುಮ್ನೆ ನಡೆಯುವ ಪಂದ್ಯದಲ್ಲಿ ಆಟಗಾರರು ನಮ್ಮ ಮುಖ ಕೂಡ ನೋಡುವುದಿಲ್ಲ.

ಇಂಫಾಲದ ಟ್ರಾವು ತಂಡವನ್ನೇ ನೋಡಿ. 2021ರಲ್ಲಿ ಕೊನೆಯ ದಿನದವರೆಗೂ ಟ್ರೋಫಿಗೆ ಕೈ ಚಾಚಿದ್ದವರು. 2023-24ರಲ್ಲಿ ಅದೇ ತಂಡ, ಅದೇ ಊರಿನ ನೆರೋಕಾ ಜೊತೆಗೆ ಕೆಳಗಿಳಿಯಿತು. ಮಣಿಪುರದ ಗಲಭೆಯಿಂದ ಎರಡೂ ತಂಡಗಳು ತವರು ಪಂದ್ಯಗಳನ್ನು ಬೇರೆ ರಾಜ್ಯದಲ್ಲಿ ಆಡಬೇಕಾಯಿತು. ನೆರೋಕಾ 2017-18ರಲ್ಲಿ ರನ್ನರ್-ಅಪ್ ಆಗಿದ್ದ ತಂಡ. ಊರ ಜನರಿಲ್ಲದ ಗ್ಯಾಲರಿ ಎದುರು ಆಡಿ, ಸೋತು, ಇಳಿದುಹೋದರು. ನನಗೆ ಇದರಲ್ಲಿ ನ್ಯಾಯ ಕಾಣುವುದಿಲ್ಲ. ಲೀಗ್ ಪಟ್ಟಿಯಲ್ಲಿ ಕಾರಣ ಬರೆಯಲು ಕಾಲಂ ಇಲ್ಲ.

ಎಸ್‌ಸಿ ಬೆಂಗಳೂರು ಈ ವರ್ಷ ಏನು ಮಾಡಬಹುದು? 2013ರಲ್ಲಿ ಬಿಎಫ್‌ಸಿ ಬಂದ ವರ್ಷವೇ ಕಪ್ ಗೆದ್ದಿತಲ್ಲ, ಹಾಗೆ?
— ಬೆಂಗಳೂರಿನ ಆಸ್ಟಿನ್ ಟೌನ್‌ನಿಂದ, 'ಹುಟ್ಟಿದ್ದೇ ಮೈದಾನದ ಪಕ್ಕ' ಎಂದು ಬರೆದವರು

ಆಸ್ಟಿನ್ ಟೌನ್‌ನವರಿಗೆ ಫುಟ್‌ಬಾಲ್ ಹೇಳಿಕೊಡುವಷ್ಟು ಧೈರ್ಯ ನನಗಿಲ್ಲ. ಆದರೂ ಕೇಳಿದ್ದೀರಿ, ಹೇಳುತ್ತೇನೆ.

ಹೋಲಿಕೆ ಬೇಡ. ಬಿಎಫ್‌ಸಿ ಮೆಟ್ಟಿಲು ಹತ್ತಿ ಬಂದ ತಂಡವಲ್ಲ. ಜೆಎಸ್‌ಡಬ್ಲ್ಯು ಕಂಪನಿ ಹಣ ಹಾಕಿತು, ನೇರ ಪ್ರವೇಶ ಸಿಕ್ಕಿತು, ಇಂಗ್ಲೆಂಡ್‌ನಿಂದ ಆಶ್ಲಿ ವೆಸ್ಟ್‌ವುಡ್ ಕೋಚ್ ಆಗಿ ಬಂದರು, ನಾಯಕನಾಗಿ ಸುನಿಲ್ ಛೆಟ್ರಿ. 2013ರ ಸೆಪ್ಟೆಂಬರ್ 22ಕ್ಕೆ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಾಗಾನ್ ವಿರುದ್ಧ ಮೊದಲ ಪಂದ್ಯ, 1-1. ಮರು ಏಪ್ರಿಲ್‌ನಲ್ಲಿ ಮಡಗಾಂವ್‌ನಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿ ಚಾಂಪಿಯನ್. ಅದು ಹತ್ತು ವರ್ಷಕ್ಕೊಮ್ಮೆ ನಡೆಯುವ ಸಂಗತಿ.

ಎಸ್‌ಸಿ ಬೆಂಗಳೂರು ಐ-ಲೀಗ್ 2 ಗೆದ್ದು ಬಂದಿದೆ. ಸ್ವಂತ ಕಾಲಿನ ಮೇಲೆ ಹತ್ತಿ ಬಂದ ಬೆಂಗಳೂರಿನ ತಂಡ, ಇದೇ ನನಗೆ ಖುಷಿ. ಈ ವರ್ಷದ ಗುರಿ ಒಂದೇ ಇರಬೇಕು: ಉಳಿಯುವುದು. ಲೀಗ್‌ನಲ್ಲಿ 12 ತಂಡ, ಪ್ರತಿಯೊಬ್ಬರಿಗೂ 22 ಪಂದ್ಯ, ಅದರಲ್ಲಿ 11 ತವರಲ್ಲಿ. ನನ್ನ ಲೆಕ್ಕ ಸರಳ. ಪಂದ್ಯಕ್ಕೊಂದು ಪಾಯಿಂಟ್‌ಗಿಂತ ಸ್ವಲ್ಪ ಜಾಸ್ತಿ ಸೇರಿಸಿದರೆ ನೆಮ್ಮದಿಯಾಗಿ ನಿದ್ದೆ ಮಾಡಬಹುದು. ತವರಲ್ಲಿ ಐದು ಗೆಲುವು, ಹೊರಗೆ ಒಂದಷ್ಟು ಡ್ರಾ ಬಂದರೆ ಸಾಕು. ಕಳೆದ ವರ್ಷ ಕೆಳಗಿನಿಂದ ಬಂದ ಡೆಲ್ಲಿ ಎಫ್‌ಸಿ, ಶಿಲ್ಲಾಂಗ್ ಲಾಜೋಂಗ್ ಎರಡೂ ಉಳಿದುಕೊಂಡವು. ಅಂದರೆ ಆಗದ ಕೆಲಸವೇನಲ್ಲ.

ತವರು ಮೈದಾನದ ಬಗ್ಗೆ ಒಂದು ಮಾತು, ನಾನು ಅಲ್ಲಿ ತುಂಬಾ ಓಡಿದ್ದೇನೆ. ಅಶೋಕನಗರದ್ದು ಕೃತಕ ಹುಲ್ಲು. ಮಧ್ಯಾಹ್ನದ ಪಂದ್ಯವಾದರೆ ಬಿಸಿ ಶೂ ಅಡಿಯಿಂದಲೇ ಹತ್ತುತ್ತದೆ. ಚೆಂಡು ಬಿದ್ದ ಕಡೆ ಕಪ್ಪು ರಬ್ಬರ್ ಹರಳು ಚಿಮ್ಮುತ್ತದೆ, ಸಾಕ್ಸ್ ಒಳಗೆಲ್ಲ ಸೇರಿಕೊಳ್ಳುತ್ತದೆ, ಮನೆಯಲ್ಲಿ ಶೂ ಕೊಡವಿದರೆ ಬೈಗುಳ ಗ್ಯಾರಂಟಿ. ಮೊದಲ ಪುಟಿತ ಎತ್ತರ. ನೀರು ಹಾಕಿದ್ದರೆ ಅಥವಾ ರಾತ್ರಿ ಇಬ್ಬನಿ ಬಿದ್ದಿದ್ದರೆ ಅದೇ ಚೆಂಡು ಜಾರಿಕೊಂಡು ಓಡುತ್ತದೆ. ಹೊರಗಿನಿಂದ ಬಂದ ಫುಲ್‌ಬ್ಯಾಕ್ ಮೊದಲ ಹತ್ತು ನಿಮಿಷ ಉದ್ದ ಪಾಸ್ ಹಾಕಿದರೆ ಚೆಂಡು ಸೀದಾ ನನ್ನ ಬಾವುಟದ ಆಚೆ ಹೋಗುತ್ತಿತ್ತು. ಸ್ಥಳೀಯ ಹುಡುಗರು ಬೆಂಗಳೂರು ಲೀಗ್‌ನ ಸೂಪರ್ ಡಿವಿಷನ್ ಆಡಿ ಬೆಳೆದಿದ್ದೇ ಅಲ್ಲಿ. ಮೊದಲ ಹತ್ತು ನಿಮಿಷದ ಈ ಲಾಭವನ್ನು ಅವರು ಗೋಲಾಗಿ ಮಾಡಿಕೊಳ್ಳಬೇಕು. ಚೆಂಡು ಹಿಂದಕ್ಕೆ ಕೊಟ್ಟು ಕಾಲಹರಣ ಮಾಡಿದರೆ ಎದುರಾಳಿಗೂ ಆ ಮೈದಾನ ಅಭ್ಯಾಸ ಆಗಿಬಿಡುತ್ತದೆ.

ನನ್ನ ಚಿಂತೆ ಗೋಲು ಹೊಡೆಯುವವರದ್ದಲ್ಲ, ಡಿಸೆಂಬರ್ ನಂತರ ಬೆಂಚಿನ ಮೇಲೆ ಯಾರಿರುತ್ತಾರೆ ಎಂಬುದು. ಕೆಳಗಿನ ಲೀಗ್‌ನಲ್ಲಿ 13–14 ಒಳ್ಳೆಯ ಆಟಗಾರರಿದ್ದರೆ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ.

ಐ-ಲೀಗ್ ಗೆದ್ದರೆ ಐಎಸ್‌ಎಲ್‌ಗೆ ಹೋಗುವುದು ಖಚಿತವೇ? ದುಡ್ಡು ಕಟ್ಟಬೇಕಾ?
— ಮೈಸೂರಿನ ಬ್ಯಾಂಕ್ ಉದ್ಯೋಗಿ

ಪ್ರವೇಶ ಶುಲ್ಕ ಕಟ್ಟಬೇಕಿಲ್ಲ. ಮೈದಾನ, ಯುವ ತಂಡ, ಹಣಕಾಸಿನ ಲೆಕ್ಕ ಇತ್ಯಾದಿ ನೋಡಿ ಕೊಡುವ ಕ್ಲಬ್ ಲೈಸೆನ್ಸ್ ಬೇಕು. 2022-23ರಲ್ಲಿ ರೌಂಡ್‌ಗ್ಲಾಸ್ ಪಂಜಾಬ್ ಹೀಗೆ ಮೇಲೆ ಹೋದ ಮೊದಲ ತಂಡ. 2023-24ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್. 1891ರಲ್ಲಿ ಹುಟ್ಟಿದ ಕ್ಲಬ್ ಅದು. ಶಿಲ್ಲಾಂಗ್‌ನಲ್ಲಿ ಲಾಜೋಂಗ್ ವಿರುದ್ಧ 2-1ರಿಂದ ಗೆದ್ದು ಟ್ರೋಫಿ ಎತ್ತಿತು. ಈಗ ಕೋಲ್ಕತ್ತಾದ ಮೂರೂ ದೊಡ್ಡ ಮನೆಗಳು (ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್) ಐಎಸ್‌ಎಲ್‌ನಲ್ಲಿವೆ.

ಬ್ಯಾಂಕಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಇಲ್ಲಿ ಜಮೆ ಮಾತ್ರ ಇದೆ, ಖರ್ಚಿನ ಕಡೆ ಖಾಲಿ. ಮೇಲೆ ಹತ್ತುವವರಿದ್ದಾರೆ, ಮೇಲಿಂದ ಇಳಿಯುವವರಿಲ್ಲ. 2019ರ ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಮಾರ್ಗಸೂಚಿಯಲ್ಲಿ 2024-25ರ ಹೊತ್ತಿಗೆ ಇಳಿಯುವುದೂ ಶುರುವಾಗಬೇಕು ಎಂಬ ಮಾತಿತ್ತು. ಆ ವರ್ಷ ಬಂದೇಬಿಟ್ಟಿದೆ. ಇಳಿಸುವ ಸೂಚನೆ ನನಗಂತೂ ಕಾಣುತ್ತಿಲ್ಲ. ಕೋಟಿಗಟ್ಟಲೆ ಸುರಿದ ಮಾಲೀಕರು ಇಳಿಯಲು ಒಪ್ಪುವುದಿಲ್ಲ ಎನ್ನುತ್ತಾರೆ. ಹಾಗಾದರೆ ಕೆಳಗಿನವರು ಸುರಿದದ್ದು ದುಡ್ಡಲ್ವಾ?

ಡೆಂಪೊ ವಾಪಸ್ ಬಂತಂತೆ, ನಿಜವೇ? ನಾವು ಚಿಕ್ಕವರಿದ್ದಾಗ ಬಸ್ ಹಿಡಿದು ಗಡಿ ದಾಟಿ ನೋಡಲು ಹೋಗುತ್ತಿದ್ದೆವು.
— ಕಾರವಾರದ ನಿವೃತ್ತ ಮೇಷ್ಟ್ರು

ನಿಜ ಮೇಷ್ಟ್ರೇ. ಎಸ್‌ಸಿ ಬೆಂಗಳೂರು ಜೊತೆಗೆ ಐ-ಲೀಗ್ 2ರಿಂದ ಮೇಲೆ ಬಂದ ಇನ್ನೊಂದು ತಂಡ ಡೆಂಪೊ. ಐದು ಸಲ ದೇಶದ ಚಾಂಪಿಯನ್ ಆದವರು: ಹಳೆಯ ನ್ಯಾಷನಲ್ ಲೀಗ್‌ನಲ್ಲಿ 2004-05, 2006-07, ಐ-ಲೀಗ್‌ನಲ್ಲಿ 2007-08, 2009-10, 2011-12. ಆಮೇಲೆ 2015ರಲ್ಲಿ ಕೆಳಗಿಳಿದರು, ಮರುವರ್ಷ ಮೇಲೆ ಬರುವ ಹಕ್ಕು ಗೆದ್ದರು, ಗೆದ್ದೂ ಲೀಗ್ ಬಿಟ್ಟು ಹೊರನಡೆದರು. ಆಗ ಗೋವಾದ ಇತರ ಕ್ಲಬ್‌ಗಳೂ ಬೇಸತ್ತು ಹೊರಗೆ ಹೋದವು. ಅವು ಬಿಟ್ಟ ಜಾಗದಿಂದಲೇ, ಕೆಳಗಿಳಿಯಬೇಕಿದ್ದ ಐಜ್ವಾಲ್‌ಗೆ ಮತ್ತೊಂದು ಅವಕಾಶ ಸಿಕ್ಕಿತು. ಆ ಐಜ್ವಾಲ್ 2016-17ರಲ್ಲಿ ಖಾಲಿದ್ ಜಮೀಲ್ ಕೋಚಿಂಗ್‌ನಲ್ಲಿ ಚಾಂಪಿಯನ್ ಆಯಿತು! ಈಶಾನ್ಯ ರಾಜ್ಯಗಳಿಗೆ ಅದೇ ಮೊದಲ ಲೀಗ್ ಟ್ರೋಫಿ.

ಈ ಸಲ ಲೀಗ್‌ನಲ್ಲಿ ಡೆಂಪೊ, ಚರ್ಚಿಲ್ ಬ್ರದರ್ಸ್ ಎರಡೂ ಇವೆ. ಇವೆರಡೂ ಎದುರಾಗುವ ಗೋವಾ ಡರ್ಬಿ ದಿನ ಮತ್ತೆ ಬಸ್ ಹಿಡಿಯಿರಿ. ಡೆಂಪೊ ಮೊದಲಿನ ಡೆಂಪೊ ಎಂದುಕೊಂಡು ಮಾತ್ರ ಹೋಗಬೇಡಿ. ಅವರಿಗೂ ಈ ವರ್ಷ ಉಳಿಯುವುದೇ ದೊಡ್ಡದು.

ಇದರಲ್ಲಿ ಯಾವ ಊರಿಗೆ ಹೋಗಿ ಗೆಲ್ಲುವುದು ಕಷ್ಟ?
— ಶಿವಮೊಗ್ಗದ ಪಿಯುಸಿ ವಿದ್ಯಾರ್ಥಿನಿ

ಒಳ್ಳೆಯ ಪ್ರಶ್ನೆ ಮಗಳೇ. ಜನವರಿಯಲ್ಲಾದರೆ ಶ್ರೀನಗರ, ಎರಡು ಮಾತಿಲ್ಲ. ರಿಯಲ್ ಕಾಶ್ಮೀರ್ ತಂಡ 2014ರ ಪ್ರವಾಹದ ನಂತರ ಅಲ್ಲಿನ ಹುಡುಗರಿಗೆ ಏನಾದರೂ ಕೆಲಸ ಇರಲಿ ಎಂಬ ಯೋಚನೆಯಿಂದ ಶುರುವಾಗಿ 2016ರಲ್ಲಿ ಕ್ಲಬ್ ಆಯಿತು. 2018-19ರಲ್ಲಿ ಐ-ಲೀಗ್‌ಗೆ ಬಂತು, ಕಾಶ್ಮೀರದಿಂದ ಇಲ್ಲಿಗೆ ಬಂದ ಮೊದಲ ತಂಡ. ಊರಿನ ನಡುವೆ ಟಿಆರ್‌ಸಿ ಮೈದಾನ, ಕೃತಕ ಹುಲ್ಲು. ಡಿಸೆಂಬರ್ 21ರಿಂದ ಅಲ್ಲಿ ಚಿಲ್ಲೈ ಕಲಾನ್, ನಲವತ್ತು ದಿನದ ಕಡು ಚಳಿ. ಹಿಮ ಬಿದ್ದರೆ ಪಂದ್ಯ ಮುಂದಕ್ಕೆ. ಬೀಳದಿದ್ದರೆ ಇನ್ನೂ ಕಷ್ಟ, ಏಕೆಂದರೆ ಆಡಬೇಕು! ಗೋಲ್‌ಕೀಪರ್ ಪಾಡು ಯೋಚಿಸು. ಉಳಿದವರು ಓಡಿ ಮೈ ಬಿಸಿ ಮಾಡಿಕೊಳ್ಳುತ್ತಾರೆ. ಆತ ಕಂಬದ ನಡುವೆ ನಿಂತು ಬೆರಳು ಸೆಟೆದುಕೊಂಡಿರುವಾಗಲೇ ಒಂದು ಚೆಂಡು ಸಿಡಿದು ಬರುತ್ತದೆ.

ಐಜ್ವಾಲ್, ಶಿಲ್ಲಾಂಗ್ ಕೂಡ ಸುಲಭವಲ್ಲ. ಎತ್ತರ ನಮ್ಮವರಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ, ಬೆಂಗಳೂರೇ 900 ಮೀಟರ್ ಮೇಲಿದೆ. ಶಿಲ್ಲಾಂಗ್ ಸುಮಾರು 1,500. ಸುಸ್ತು ಮಾಡುವುದು ಪ್ರಯಾಣ. ವಿಮಾನ ಬದಲಿಸಿ, ಬೆಟ್ಟದ ತಿರುವುಗಳಲ್ಲಿ ಬಸ್ಸು ಹತ್ತಿ, ಮಾರನೇ ದಿನ ಆಡಬೇಕು. ಮಿಜೋ ಹುಡುಗರು ತೊಂಬತ್ತನೇ ನಿಮಿಷದಲ್ಲೂ ಮೊದಲ ನಿಮಿಷದ ವೇಗದಲ್ಲೇ ಇರುತ್ತಾರೆ. ಅವರ ವಿರುದ್ಧದ ಪಂದ್ಯಕ್ಕೆ ಬಾವುಟ ಹಿಡಿಯುವವರು ಹಿಂದಿನ ರಾತ್ರಿ ಬೇಗ ಮಲಗುವುದು ಒಳ್ಳೆಯದು.

ಇಂಡಿಯಾ ಕ್ರಿಕೆಟ್ ಸರಣಿ ನಡೆಯುವಾಗ ಇದನ್ನು ಯಾರಾದರೂ ನೋಡುತ್ತಾರಾ?
— ತುಮಕೂರು

ನಾನು ನೋಡುತ್ತೇನೆ. ಪತ್ರ ಬರೆದ ನೀವೂ ಕದ್ದು ನೋಡುತ್ತೀರಿ ಎಂಬ ಅನುಮಾನ ನನಗೆ.

ನನಗೆ 17 ವರ್ಷ. ಸೆಂಟರ್‌ಬ್ಯಾಕ್ ಆಡುತ್ತೇನೆ. ಐ-ಲೀಗ್ ತಂಡ ಸೇರುವುದು ಹೇಗೆ? ಒಬ್ಬರು ಟ್ರಯಲ್ಸ್ ಕೊಡಿಸುತ್ತೇನೆ, ಮುಂಗಡ ಕೊಡು ಎನ್ನುತ್ತಿದ್ದಾರೆ.
— ಬೆಳಗಾವಿಯ ಹುಡುಗ

ಮೊದಲು ಕೊನೆಯ ಮಾತಿಗೆ ಉತ್ತರ: ಒಂದು ರೂಪಾಯಿಯೂ ಕೊಡಬೇಡ. ನಾನು ಮೈದಾನದಲ್ಲಿದ್ದ ಕಾಲದಲ್ಲೂ ಇಂಥವರಿದ್ದರು. ಟ್ರ್ಯಾಕ್‌ಸೂಟ್ ಹಾಕಿಕೊಂಡು, ಕೊರಳಿಗೆ ಸೀಟಿ ನೇತುಹಾಕಿಕೊಂಡು ಗ್ಯಾಲರಿಯಲ್ಲಿ ಕೂರುತ್ತಿದ್ದರು. ಸೀಟಿ ಊದಿದ್ದನ್ನು ನಾನು ಕಂಡಿಲ್ಲ. ನಿಜವಾಗಿ ಆಟಗಾರ ಬೇಕಾದ ಕ್ಲಬ್ ನಿನ್ನ ಆಟ ನೋಡುತ್ತದೆ, ಜೇಬು ನೋಡುವುದಿಲ್ಲ.

ಈಗ ದಾರಿ. ನೀನು ಆಡುವ ಕ್ಲಬ್ ಅಥವಾ ಅಕಾಡೆಮಿ ನಿನ್ನನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಿಆರ್‌ಎಸ್ (ಆಟಗಾರರ ಕೇಂದ್ರೀಯ ನೋಂದಣಿ) ವ್ಯವಸ್ಥೆಯಲ್ಲಿ ನೋಂದಾಯಿಸಿದೆಯೇ ಎಂದು ಇವತ್ತೇ ಕೇಳು. ಅಲ್ಲಿ ಹೆಸರಿಲ್ಲದಿದ್ದರೆ ಅಧಿಕೃತ ಪಂದ್ಯ ಆಡಿದ ದಾಖಲೆಯೇ ಇರುವುದಿಲ್ಲ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹುಟ್ಟಿದ ದಿನ ಒಂದೇ ಇರಲಿ. ಜಿಲ್ಲಾ ಸಂಸ್ಥೆಯ ಆಯ್ಕೆ ಯಾವಾಗ ಎಂದು ವಿಚಾರಿಸು. ಜಿಲ್ಲೆಯಿಂದ ರಾಜ್ಯ ತಂಡ. 20 ವರ್ಷದೊಳಗಿನವರಿಗೆ ಈ ವರ್ಷವಷ್ಟೇ ಸ್ವಾಮಿ ವಿವೇಕಾನಂದ ಹೆಸರಿನ ರಾಷ್ಟ್ರೀಯ ಟೂರ್ನಿ ಶುರುವಾಗಿದೆ, ನಿನ್ನ ವಯಸ್ಸಿಗೆ ಅದೇ ಕಿಟಕಿ.

ಇನ್ನೊಂದು ದಾರಿ ಬೆಂಗಳೂರಿನ ಲೀಗ್. ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ ಡಿವಿಷನ್. 'ಸಿ' ಡಿವಿಷನ್ ಎಂದು ಮೂಗು ಮುರಿಯಬೇಡ. ಕೋಚ್‌ಗಳು ಕೆಳಗಿನ ಪಂದ್ಯಗಳಿಗೂ ಬಂದು ಮೂಲೆಯಲ್ಲಿ ನಿಂತಿರುತ್ತಾರೆ, ಗೆರೆ ಪಕ್ಕ ನಿಂತವನಿಗೆ ಅವರ ಗೊಣಗಾಟ ಕೇಳಿಸುತ್ತದೆ. ಸೆಂಟರ್‌ಬ್ಯಾಕ್‌ನಲ್ಲಿ ಅವರು ಏನು ನೋಡುತ್ತಾರೆ ಗೊತ್ತಾ? ಹೆಡರ್ ಎಲ್ಲರೂ ಮಾಡುತ್ತಾರೆ. ಹೆಡರ್ ಆದ ಮೇಲೆ ನೀನು ಎಷ್ಟು ಬೇಗ ಮುಂದೆ ಬಂದು ಸಾಲು ಸರಿಮಾಡುತ್ತೀಯ, ಪಕ್ಕದವನನ್ನು ಕೂಗಿ ಕರೆಯುತ್ತೀಯಾ, ಅದು. ಬಾಯಿ ಮುಚ್ಚಿಕೊಂಡು ಆಡುವ ಸೆಂಟರ್‌ಬ್ಯಾಕ್ ಅರ್ಧ ಆಟಗಾರ ಮಾತ್ರ. ಎಡಗಾಲಿನಲ್ಲೂ ನಲವತ್ತು ಅಡಿ ಪಾಸ್ ಹಾಕಲು ಕಲಿ. ಪಿಯುಸಿ ಮುಗಿಸು.

ಕಪ್ ಯಾರಿಗೆ? ಜಾರಿಕೊಳ್ಳದೆ ಹೆಸರು ಹೇಳಿ.
— ದಾವಣಗೆರೆಯ ಟೈಲರ್ ಅಂಗಡಿಯವರು

ಇಂಟರ್ ಕಾಶಿ. ಕಳೆದ ವರ್ಷ ಬಂದ ತಂಡ, ಹೆಸರು ವಾರಾಣಸಿಯದು, ತವರು ಪಂದ್ಯ ಮಾತ್ರ ಬಂಗಾಳದ ಕಲ್ಯಾಣಿಯಲ್ಲಿ. ಈ ಸಲ ಕೋಚ್ ಅಂತೋನಿಯೊ ಹಬಾಸ್. ಐಎಸ್‌ಎಲ್ ಎರಡು ಸಲ ಗೆದ್ದವರು, ಕಳೆದ ಸೀಸನ್‌ನಲ್ಲಿ ಮೋಹನ್ ಬಾಗಾನ್‌ಗೆ ಲೀಗ್ ಶೀಲ್ಡ್ (ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಸಿಗುವುದು) ಕೊಡಿಸಿದವರು. ಅವರ ತಂಡದ ಆಟ ನೋಡಲು ಚೆಂದ ಇರುವುದಿಲ್ಲ, ಆದರೆ 1-0ರಿಂದ ಗೆಲ್ಲುವುದು ಅವರಿಗೆ ಚೆನ್ನಾಗಿ ಗೊತ್ತು. ಲೀಗ್ ಗೆಲ್ಲುವುದು ಹಾಗೆಯೇ.

ಎದುರು ನಿಲ್ಲುವವರು ಹೈದರಾಬಾದ್‌ನ ಶ್ರೀನಿಧಿ ಡೆಕ್ಕನ್, ಎರಡು ವರ್ಷ ಸತತ ಎರಡನೇ ಸ್ಥಾನ. ಮತ್ತೆ ಚರ್ಚಿಲ್. ಮತ್ತೆ ಗೋಕುಲಂ ಕೇರಳ. ಐ-ಲೀಗ್ ಸತತ ಎರಡು ಸಲ ಗೆದ್ದ ಒಂದೇ ತಂಡ ಅದು, 2020-21 ಮತ್ತು 2021-22.

ಪಾಯಿಂಟ್ ಸಮ ಬಂದರೆ ಏನು ಎಂದೂ ಕೇಳಿದ್ದೀರಿ. ಪರಸ್ಪರ ಆಡಿದ ಪಂದ್ಯಗಳ ಫಲಿತಾಂಶ ಮೊದಲು ನೋಡುತ್ತಾರೆ. 2021ರ ಮಾರ್ಚ್ 27, ಕೊನೆಯ ದಿನ. ಗೋಕುಲಂ, ಟ್ರಾವು, ಚರ್ಚಿಲ್ ಮೂರಕ್ಕೂ 26 ಪಾಯಿಂಟ್. ಕೋವಿಡ್ ಕಾಲ, ಎಲ್ಲ ಪಂದ್ಯ ಬಂಗಾಳದಲ್ಲಿ. ಸಾಲ್ಟ್ ಲೇಕ್‌ನಲ್ಲಿ ಟ್ರಾವು ಮೊದಲಾರ್ಧಕ್ಕೆ 1-0 ಮುಂದೆ. 70ನೇ ನಿಮಿಷದವರೆಗೂ ಹಾಗೇ. ಆಮೇಲೆ ಏಳೇ ನಿಮಿಷದಲ್ಲಿ ಗೋಕುಲಂ ಮೂರು ಗೋಲು, ಕೊನೆಗೆ ಇನ್ನೊಂದು, 4-1. ಅತ್ತ ಚರ್ಚಿಲ್ ಕೂಡ ಗೆದ್ದಿತು, ಎರಡೂ 29. ಪರಸ್ಪರ ಲೆಕ್ಕದಲ್ಲಿ ಗೋಕುಲಂ ಮುಂದೆ. ಹಾಗಾಗಿ ನನ್ನ ಇಂಟರ್ ಕಾಶಿ ಮಾತಿನ ಮೇಲೆ ಬಾಜಿ ಗೀಜಿ ಕಟ್ಟಬೇಡಿ. ಬಟ್ಟೆ ಹೊಲಿಯುತ್ತಾ ಕೇಳಿಸಿಕೊಳ್ಳಿ, ಅಷ್ಟು ಸಾಕು.

ಐ-ಲೀಗ್‌ನಲ್ಲಿ ವಿಎಆರ್ (ವಿಡಿಯೊ ನೋಡಿ ತೀರ್ಪು ಕೊಡುವ ವ್ಯವಸ್ಥೆ) ಇದೆಯಾ? ಇಲ್ಲದಿದ್ದರೆ ಆಫ್‌ಸೈಡ್ ಹೇಗೆ ಅಷ್ಟು ಖಚಿತವಾಗಿ ಹೇಳುತ್ತಾರೆ?
— ಹುಬ್ಬಳ್ಳಿಯ ಮೆಕ್ಯಾನಿಕ್

ಇಲ್ಲ. ಐಎಸ್‌ಎಲ್‌ನಲ್ಲೂ ಇಲ್ಲ. ಬಾವುಟದವನ ಕಣ್ಣೇ ವಿಎಆರ್. ಕೊನೆಯಿಂದ ಎರಡನೇ ಡಿಫೆಂಡರ್ ಯಾರೋ ಅವನ ನೇರಕ್ಕೆ ನಾವು ನಿಲ್ಲಬೇಕು, ಅವನು ಓಡಿದರೆ ನಾವೂ ಓಡಬೇಕು, ಅದೂ ಅಡ್ಡಡ್ಡ, ಎದೆ ಮೈದಾನದ ಕಡೆಗೇ ಇಟ್ಟುಕೊಂಡು. ಚೆಂಡು ಒದ್ದ ಕ್ಷಣವನ್ನು ಕಣ್ಣಲ್ಲಿ ನೋಡಲು ಹೋದರೆ ಸಾಲು ತಪ್ಪುತ್ತದೆ. ಅದಕ್ಕೆ ಕಣ್ಣು ಸಾಲಿನ ಮೇಲೆ, ಕಿವಿ ಚೆಂಡಿನ ಮೇಲೆ. 'ಟಪ್' ಎಂಬ ಸದ್ದಿಗೆ ಸ್ಟ್ರೈಕರ್ ಆ ಡಿಫೆಂಡರ್‌ಗಿಂತ ಗೋಲಿಗೆ ಹತ್ತಿರ ಇದ್ದನಾ, ಅಷ್ಟೇ. ಗ್ಯಾಲರಿ ತುಂಬಿ ಡೋಲು ಬಡಿಯುತ್ತಿದ್ದರೆ ಆ ಸದ್ದೂ ಕೇಳುವುದಿಲ್ಲ. ಆಗ ಏನು ಮಾಡುತ್ತೀರಿ ಎಂದು ಕೇಳಬೇಡಿ, ವೃತ್ತಿ ರಹಸ್ಯ.

ಮಗನನ್ನು ಎಸ್‌ಸಿ ಬೆಂಗಳೂರು ಪಂದ್ಯಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಎಲ್ಲಿ ಕೂತರೆ ಚೆನ್ನ?
— ಬೆಂಗಳೂರಿನ ತಾಯಿಯೊಬ್ಬರು

ಸ್ಟೇಡಿಯಂ ಅಶೋಕನಗರದಲ್ಲಿದೆ, ಗರುಡಾ ಮಾಲ್ ಹತ್ತಿರ. ಕಾರು ಬೇಡ, ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಮೊದಲಾರ್ಧ ಮುಗಿದಿರುತ್ತದೆ. ಎಂ.ಜಿ. ರೋಡ್ ಮೆಟ್ರೊ ಇಳಿದು ಆಟೊ ಹಿಡಿಯಿರಿ. ಮಧ್ಯರೇಖೆಯ ನೇರಕ್ಕೆ ಕೂರಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಮಕ್ಕಳ ಜೊತೆಗಾದರೆ ಪೆನಾಲ್ಟಿ ಬಾಕ್ಸ್ ನೇರಕ್ಕೆ, ಕೆಳಗಿನ ಸಾಲುಗಳಲ್ಲಿ ಕೂರಿ. ಇಲ್ಲಿ ಓಟದ ಟ್ರ್ಯಾಕ್ ಇಲ್ಲ, ಆಟ ಹತ್ತಿರದಲ್ಲೇ ನಡೆಯುತ್ತದೆ. ಆಟಗಾರರು ಒಬ್ಬರಿಗೊಬ್ಬರು ಕೂಗುವುದು ಕೇಳಿಸುತ್ತದೆ. ಅದರಲ್ಲಿ ಕೆಲವು ಮಾತು ಮಗನಿಗೆ ಹೊಸದಾಗಿರಬಹುದು, ಅದಕ್ಕೆ ನಾನು ಜವಾಬ್ದಾರನಲ್ಲ. ಮಧ್ಯಾಹ್ನದ ಪಂದ್ಯವಾದರೆ ಟೋಪಿ ಇರಲಿ. ಹೊರ ಊರಿನ ಪಂದ್ಯಗಳನ್ನು ಈ ಸೀಸನ್‌ನಲ್ಲಿ ಸೋನಿ ಸ್ಪೋರ್ಟ್ಸ್‌ನಲ್ಲಿ ಅಥವಾ ಎಸ್‌ಎಸ್‌ಇಎನ್ ಆಪ್‌ನಲ್ಲಿ ನೋಡಿ.

ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಬಗ್ಗೆ ಬಂದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಕಪ್ ತಂದ ನಮ್ಮ ಕರ್ನಾಟಕ ತಂಡದ ಬಗ್ಗೆ ಕೇಳಿದವರು ಒಬ್ಬಿಬ್ಬರಲ್ಲ. ದಯವಿಟ್ಟು ಪ್ರಶ್ನೆ ಒಂದೇ ಪುಟದಲ್ಲಿ ಮುಗಿಸಿ. ಕೋಲಾರದವರು ಹನ್ನೊಂದು ಪುಟ ಬರೆದಿದ್ದಾರೆ, ಹಿಂಬದಿಯಲ್ಲಿ ತಂಡದ ನಕ್ಷೆ ಬೇರೆ. ಓದುತ್ತಿದ್ದೇನೆ ಸ್ವಾಮಿ, ಸ್ವಲ್ಪ ಟೈಮ್ ಕೊಡಿ.